ಗುಡ್ ವಾಲ್‌ನಲ್ಲಿ ಅತಿಥಿಗಳೇ ಇಲ್ಲ

೧

ಸೂಪಿನಿಂದ ಶುರು ಮಾಡಲೇ, ಜಗಳದಿಂದಲೇ?

ಸೂಪಿನಿಂದ ಶುರು ಮಾಡಿದರೆ ಕಥೆಗೆ ಒಂದು ಶಿಸ್ತು ಬರುತ್ತದೆ. ಆಮೇಲೆ ಸ್ಟಾರ್ಟರ್, ಆಮೇಲೆ ನೂಡಲ್ಸ್, ಕೊನೆಗೆ ಐಸ್‌ಕ್ರೀಮು. ನೀವು ಹೊಟ್ಟೆ ತುಂಬಿಸಿಕೊಂಡು ಎದ್ದು ಹೋಗಬಹುದು. ಜಗಳದಿಂದ ಶುರು ಮಾಡೋಣವೆಂದರೆ ಒಂದು ತೊಂದರೆ: ಇಲ್ಲಿ ಯಾರೂ ಜಗಳವಾಡುತ್ತಿಲ್ಲ. ಆರು ಜನ ಒಂದು ದುಂಡು ಮೇಜಿನ ಸುತ್ತ ಕುಳಿತು ಒಬ್ಬರಿಗೊಬ್ಬರು "ನೀವು ಮೊದಲು", "ಛೆ ಛೆ, ನೀವು ಮೊದಲು" ಎನ್ನುತ್ತಿದ್ದಾರೆ. ಅರ್ಧ ಗಂಟೆಯಿಂದ ಇದೇ ನಡೆದಿದೆ. ಎಲ್ಲರ ತಟ್ಟೆಯೂ ಖಾಲಿ. ಇದರಲ್ಲಿ ಕಥೆ ಎಲ್ಲಿದೆ ಎಂದು ನೀವು ಕೇಳಬಹುದು. ಅವರಲ್ಲಿ ಒಬ್ಬಳ ಎದೆ ಹೊಡೆದುಕೊಳ್ಳುತ್ತಿರುವುದು ನನ್ನ ಈ ಮೂಲೆ ಮೇಜಿನವರೆಗೂ ಕೇಳಿಸುತ್ತಿದೆ.

(ಕೊನೆಯ ವಾಕ್ಯ ಸ್ವಲ್ಪ ಹೆಚ್ಚಾಯಿತು. ಪಕ್ಕದಲ್ಲಿ ಮೆಡಿಕಲ್ ಹುಡುಗರು ಪರೀಕ್ಷೆ ಮುಗಿದ ಖುಷಿಯಲ್ಲಿ ಕಿರುಚಾಡುತ್ತಿರುವಾಗ ಯಾರ ಎದೆಯೂ ಯಾರಿಗೂ ಕೇಳುವುದಿಲ್ಲ. ಇರಲಿ, ಬಿಡಿ.)

೨

ಮೊದಲ ಕರಡು ಹೀಗಿತ್ತು: "ಮಣಿಪಾಲದ ಮುಸ್ಸಂಜೆಯಲ್ಲಿ ಕೆಂಪು ಕಾಗದದ ದೀಪಗಳು ಮೌನವಾಗಿ ತೂಗುತ್ತಿದ್ದವು."

ಹರಿದೆ. ಅದು ಮುಸ್ಸಂಜೆಯಲ್ಲ, ಉರಿಬಿಸಿಲಿನ ಮಧ್ಯಾಹ್ನ. ದೀಪಗಳು ಕಾಗದದವಲ್ಲ, ಪ್ಲಾಸ್ಟಿಕ್ಕಿನವು. ಮೌನದ ವಿಷಯ ಮೇಲೆ ಹೇಳಿದೆ.

ಎರಡನೆಯ ಕರಡು ಚೀನಾದ ಇತಿಹಾಸದಿಂದ ಶುರುವಾಗುತ್ತಿತ್ತು. ಅದನ್ನು ಹರಿಯುವ ಮೊದಲು ಹೋಟೆಲಿನ ಮಾಲೀಕ ಪಾಸ್ಕಲನಿಗೆ ಓದಿ ಹೇಳಿದೆ. ಪಾಸ್ಕಲ್ ಶಂಕರಪುರದವನು. ಚೀನಾವನ್ನು ಟಿವಿಯಲ್ಲಿ ನೋಡಿದ್ದಾನೆ. "ಅದೆಲ್ಲ ನಮಗೆ ಎಂತಕ್ಕೆ ಮಾರಾಯ್ರೆ? ಗೋಬಿ ಗರಿಗರಿ ಉಂಟಾ ಇಲ್ವಾ, ಅದು ಬರೆಯಿರಿ," ಅಂದ. ಹೋಟೆಲಿಗೆ ಗ್ರೇಟ್ ವಾಲ್ ಎಂದು ಹೆಸರಿಡಬೇಕೆಂದಿದ್ದನಂತೆ. ಅದನ್ನು ಬೇರೆ ಯಾರೋ ಇಟ್ಟುಬಿಟ್ಟಿದ್ದರು. ಗ್ರೇಟ್ ಸಿಗದಿದ್ದರೆ ಗುಡ್ ಸಾಕು ಎಂದು 'ಗುಡ್ ವಾಲ್' ಎಂದಿಟ್ಟ. ಅವನ ಮಂಚೂರಿಗೆ ಚೀನಾದಲ್ಲಿ ಯಾರೂ ಜವಾಬ್ದಾರರಲ್ಲ. ಕರಿಬೇವು ಹಾಕುತ್ತಾನೆ, ಕುಂದಾಪುರದ ಮೆಣಸಿನ ಪುಡಿ ಹಾಕುತ್ತಾನೆ, ಮೇಲೆ ಒಂದಿಷ್ಟು ಸೋಯಾ ಸಾಸ್ ಚಿಮುಕಿಸಿ ಚೈನೀಸ್ ಎನ್ನುತ್ತಾನೆ. ನನಗೆ ಈ ಜಾಗ ಬಹಳ ಇಷ್ಟ. ಕಡಿಯಾಳಿಯಿಂದ ಬಸ್ಸು ಹತ್ತಿ ಇಲ್ಲಿಗೆ ಬಂದು ಈ ಮೂಲೆಯಲ್ಲಿ ಕೂರುವುದು ಬರೆಯುವುದಕ್ಕೆ ಎಂದು ಮನೆಯಲ್ಲಿ ಹೇಳುತ್ತೇನೆ.

೩

ಈಗ ಆ ಆರು ಜನ. ಎದೆ ಹೊಡೆದುಕೊಳ್ಳುತ್ತಿರುವವಳ ಹೆಸರು ವಾರಿಜಾ. ಕಾಪು ಪಡುವಿನವಳು. ಹಸಿರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಾ ಕುಳಿತಿದ್ದಾಳೆ. ಪಕ್ಕದಲ್ಲಿ ಗಂಡ ಚೆನ್ನಪ್ಪ. ಅರ್ಧ ಆಯುಸ್ಸು ಮಲ್ಪೆಯ ದೋಣಿಗಳನ್ನು ನಡೆಸಿದ ತಾಂಡೇಲ. ಸಮುದ್ರದ ನಡುವೆ ಇಪ್ಪತ್ತು ಜನ ಅವನ ಒಂದು ಮಾತಿಗೆ ಬಲೆ ಎಳೆಯುತ್ತಿದ್ದರು. ಮನೆಯಲ್ಲಿಯೂ ಹಾಗೇ ನಡೆಯುತ್ತದೆ ಎಂದುಕೊಂಡಿದ್ದ.

ಅವರ ಒಬ್ಬನೇ ಮಗ ಪ್ರವೀಣ್, ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನೀಶಿಯನ್, ಕಳೆದ ಮೇ ತಿಂಗಳಲ್ಲಿ ಕಾರ್ಕಳದ ಶಾರ್ಲೆಟ್ ಎಂಬ ಫಿಸಿಯೋಥೆರಪಿಸ್ಟ್ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಆದ ಮೇಲೆ ಎರಡೂ ಮನೆಗೆ ಫೋನು ಮಾಡಿ ತಿಳಿಸಿದರು. ಪರ್ಕಳದಲ್ಲಿ ಬಾಡಿಗೆ ರೂಮು ಹಿಡಿದರು. ಚೆನ್ನಪ್ಪ ಕೂಗಾಡಲಿಲ್ಲ. "ಅವನು ಈ ಮನೆಗೆ ಬರುವುದು ಬೇಡ," ಅಂದ, ಅಷ್ಟೇ.

ಮಳೆಗಾಲವಿಡೀ ವಾರಿಜಾ ಊಟಕ್ಕೆ ಕುಳಿತಾಗಲೆಲ್ಲ ಅರ್ಧಕ್ಕೆ ಏಳುತ್ತಿದ್ದಳು. ಅದನ್ನು ನೋಡಿ ನೋಡಿ ಚೆನ್ನಪ್ಪ ಒಂದು ದಿನ ಶರತ್ತು ಹಾಕಿದ. "ಆ ಹುಡುಗಿಯ ಅಪ್ಪ ಅಮ್ಮ ಒಂದು ಸಲ ನಮ್ಮ ಊಟ ಉಣ್ಣಲಿ. ನಾವು ಕರೆಯಬೇಕು, ಅವರು ಬೇಡ ಅನ್ನದೆ ಉಣ್ಣಬೇಕು. ನಮ್ಮ ಅನ್ನ ಅವರಿಗೆ ಆಗುತ್ತದೆ ಅಂತಾದರೆ ಅವರ ಮಗಳು ನಮಗೆ ಆಗುತ್ತಾಳೆ."

ಆದ್ದರಿಂದ ಈ ಮಧ್ಯಾಹ್ನ ವಾರಿಜಾ ನೋಡುತ್ತಿರುವುದು ಒಂದನ್ನೇ: ಎದುರು ಕುಳಿತ ಕಜೆಟನ್ ಎಂಬ ಮನುಷ್ಯನ ಖಾಲಿ ತಟ್ಟೆಯನ್ನು. ಅದರಲ್ಲಿ ನಾಲ್ಕು ತುತ್ತು ಬಿದ್ದು, ಅವು ಅವನ ಹೊಟ್ಟೆ ಸೇರಿದರೆ ಅವಳ ಮಗ ಮನೆಗೆ ಬರುತ್ತಾನೆ. ಇಲ್ಲದಿದ್ದರೆ ಇಲ್ಲ.

೩, ಇನ್ನೊಮ್ಮೆ

ಇಲ್ಲಿ ಕಥೆಗಾರರು ಏನನ್ನಾದರೂ ಬಚ್ಚಿಟ್ಟುಕೊಳ್ಳಬೇಕು, ಕೊನೆಗೆ ತೆಗೆದು ತೋರಿಸಬೇಕು. ನನ್ನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ಈಗಲೇ ಹೇಳುತ್ತೇನೆ. ಶಾರ್ಲೆಟ್‌ಳ ಅಪ್ಪ ಕಜೆಟನ್, ಮಸ್ಕತ್‌ನಲ್ಲಿ ಎಸಿ ರಿಪೇರಿ ಮಾಡಿ ಬಂದು ಈಗ ಕಾಳುಮೆಣಸಿನ ತೋಟ ನೋಡಿಕೊಂಡಿರುವವನು, ತನ್ನ ಹೆಂಡತಿ ಮೇಬಲ್‌ಗೆ ಇದೇ ಶರತ್ತನ್ನು ಕೊಂಕಣಿಯಲ್ಲಿ ಹಾಕಿದ್ದ. ಹುಡುಗನ ಅಪ್ಪ ಅಮ್ಮ ಒಂದು ಸಲ ನಮ್ಮ ಊಟ ಉಣ್ಣಲಿ, ಆಮೇಲೆ ನೋಡುವ.

ಮಕ್ಕಳಿಬ್ಬರೂ ಪರ್ಕಳದ ರೂಮಿನಲ್ಲಿ ಕುಳಿತು ತಲೆ ಓಡಿಸಿದರು. ಪ್ರವೀಣ್ ಕಾಪುವಿಗೆ ಫೋನು ಮಾಡಿ, "ನಾವೇ ಕರೆಯುವ ಅಮ್ಮ, ಹೋಟೆಲಿನಲ್ಲಿ. ನಮ್ಮ ಊಟ ಅಂತಲೇ ಲೆಕ್ಕ," ಅಂದ. ಶಾರ್ಲೆಟ್ ಕಾರ್ಕಳಕ್ಕೆ ಫೋನು ಮಾಡಿ, "ಡ್ಯಾಡಿ, ಟೇಬಲ್ ನಾನೇ ಬುಕ್ ಮಾಡಿದ್ದೇನೆ. ನಮ್ಮ ಟ್ರೀಟ್," ಅಂದಳು. ಬಫೆ ಅಲ್ವಾ, ಎಲ್ಲರೂ ತಟ್ಟೆ ಹಿಡಿದು ತಿನ್ನುತ್ತಾರೆ, ಎರಡೂ ಶರತ್ತು ಒಂದೇ ಏಟಿಗೆ ಮುಗಿಯುತ್ತದೆ, ಯಾರು ಯಾರನ್ನು ಕರೆದದ್ದು ಎಂದು ಕೇಳುವವರಿಲ್ಲ. ಪ್ಲಾನು ಬಹಳ ಚೆನ್ನಾಗಿತ್ತು. ಅವರು ಮರೆತದ್ದು ಒಂದೇ. ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ, ಊಟಕ್ಕೆ ಕರೆದವರು ಬಂದವರು ಉಣ್ಣುವ ಮೊದಲು ಒಂದು ಅಗುಳನ್ನೂ ಬಾಯಿಗೆ ಹಾಕುವುದಿಲ್ಲ. ಹಾಕಿದರೆ ಮರ್ಯಾದೆ ಹೋದ ಹಾಗೆ.

ಆ ಮೇಜಿನಲ್ಲಿ ಈಗ ನಾಲ್ಕು ಜನ ಆತಿಥೇಯರು ಕುಳಿತಿದ್ದಾರೆ. ಅತಿಥಿ ಒಬ್ಬನೂ ಇಲ್ಲ.

೪

"ತಕ್ಕೊಳ್ಳಿ, ಶುರು ಮಾಡಿ," ಅಂದ ಚೆನ್ನಪ್ಪ.

"ಇಲ್ಲ ಇಲ್ಲ, ನೀವು ಹಿರಿಯರು," ಅಂದ ಕಜೆಟನ್. ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಹೇಳಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿದ. ಚೆನ್ನಪ್ಪನೂ ಕೈ ಮುಗಿದ. ಪ್ರಾರ್ಥನೆ ಮುಗಿಯಿತು, ಇನ್ನು ಏಳುತ್ತಾರೆ ಎಂದು ವಾರಿಜಾ ಕಾದಳು. ಯಾರೂ ಏಳಲಿಲ್ಲ.

(ಇವರೆಲ್ಲ ಮಾತಾಡಿದ್ದು ತುಳುವಿನಲ್ಲಿ. ಕಾರ್ಕಳದವರಿಗೂ ತುಳು ನೀರು ಕುಡಿದ ಹಾಗೆ. ನಾನು ಕನ್ನಡದಲ್ಲಿ ಬರೆಯುತ್ತಿರುವುದು ನನ್ನ ಅನುಕೂಲಕ್ಕೆ. ಅದರಲ್ಲಿ ಸ್ವಲ್ಪ ರುಚಿ ಕಡಿಮೆಯಾಗಿದ್ದರೆ ಪಾಸ್ಕಲನ ಮೆಣಸಿನ ಪುಡಿ ಉದುರಿಸಿಕೊಳ್ಳಿ.)

"ಬೆಳಿಗ್ಗೆ ತಿಂಡಿ ಸ್ವಲ್ಪ ತಡ ಆಯಿತು ನಮ್ಮದು," ಅಂದಳು ಮೇಬಲ್. ಬಂದವರಿಗೆ ಅವಸರ ಮಾಡಿದ ಹಾಗಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅರ್ಧ ಕಾರ್ಕಳಕ್ಕೆ ರವಿಕೆ ಹೊಲಿದುಕೊಟ್ಟವಳು. ಯಾರ ಅಳತೆಗೂ ಬಿಗಿಯಾಗದ ಹಾಗೆ ಮಾತಾಡುವುದು ಅವಳಿಗೆ ರೂಢಿ. ಚೆನ್ನಪ್ಪನ ಕಿವಿಗೆ ಅದು ಹೊಕ್ಕದ್ದು ಬೇರೆ ರೀತಿ. ಅವನು ಹೆಂಡತಿಯ ಕಡೆ ವಾಲಿದ.

"ನೋಡಿದೆಯಾ? ಮನೆಯಲ್ಲಿ ತಿಂದು ಬಂದಿದ್ದಾರೆ. ನಮ್ಮ ಊಟ ಇವರಿಗೆ ಆಗುವುದಿಲ್ಲ."

"ಸ್ವಲ್ಪ ತಾಳಿ."

"ಎಷ್ಟು ತಾಳುವುದು? ನಾನು ಏಳುತ್ತೇನೆ."

"ಒಂದು ಐದು ನಿಮಿಷ," ಅಂದಳು ವಾರಿಜಾ. ಎದುರುಗಡೆ ಕಜೆಟನ್ ಕೂಡ ಮೇಬಲ್‌ಳ ಕಿವಿಯಲ್ಲಿ ಏನೋ ಹೇಳುತ್ತಿದ್ದ, ಅವನ ಮುಖವೂ ಊದಿಕೊಂಡಿತ್ತು. ಪ್ರವೀಣ್ ಮತ್ತು ಶಾರ್ಲೆಟ್ ತಲೆ ತಗ್ಗಿಸಿ ಮೇಜಿನ ಕೆಳಗೆ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಮೆಸೇಜು ಕಳಿಸುತ್ತಿದ್ದರು. ಮೆಸೇಜಿನಲ್ಲಿ ಏನಿತ್ತೆಂದು ಹೇಳುವುದಿಲ್ಲ. ಗಂಡ ಹೆಂಡಿರ ವಿಷಯ.

೫

ಇಲ್ಲಿ ನಾನು ಕೈಹಾಕಿದೆ. ಕಥೆ ನನ್ನದು ತಾನೇ? ಬರೆದೆ: "ವಾರಿಜಾ ಎದ್ದಳು."

ಅವಳು ಏಳಲಿಲ್ಲ. ಇನ್ನೊಮ್ಮೆ ಬರೆದೆ. ಆಗ ಅವಳು ಕತ್ತು ತಿರುಗಿಸಿ ನೇರ ನನ್ನ ಮೂಲೆಯತ್ತ ನೋಡಿದಳು.

"ನಾನು ಏಳುವುದಿಲ್ಲ," ಅಂದಳು.

"ಒಬ್ಬರಾದರೂ ಏಳಬೇಕಲ್ಲ ವಾರಿಜಕ್ಕ. ಕಥೆ ಮುಂದೆ ಹೋಗುವುದು ಬೇಡವಾ?"

"ಕರೆದವಳೇ ಮೊದಲು ತಟ್ಟೆ ಹಿಡಿದರೆ ಅವರು ಎಂತ ಹೇಳಿಯಾರು? ನಾಳೆ ಹುಡುಗಿಯನ್ನು ನಮ್ಮಲ್ಲಿಗೆ ಕಳಿಸುವಾಗ ಇದನ್ನೇ ಹೇಳಿ ಕಳಿಸುತ್ತಾರೆ, ನಿನ್ನ ಅತ್ತೆಗೆ ಹೊಟ್ಟೆಯೇ ದೊಡ್ಡದು ಅಂತ. ನಿಮಗೆ ಕಥೆ ಮುಗಿದರೆ ಆಯಿತು. ಮಗ ಬರಬೇಕಾದ್ದು ನನ್ನ ಮನೆಗೆ ಅಲ್ವಾ?"

ಅವಳ ಕಣ್ಣು ನನ್ನ ತಟ್ಟೆಯ ಮೇಲೆ ಬಿತ್ತು.

"ಎಂತ ಇದು? ನಮ್ಮನ್ನು ಹಸಿದು ಕೂರಿಸಿ ನೀವು ಗೋಬಿ ತಿನ್ನುವುದಾ?"

ಫೋರ್ಕು ಕೆಳಗಿಟ್ಟೆ. ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಆದರೆ ಬಾಯಲ್ಲಿ ಇದ್ದದ್ದನ್ನು ನುಂಗಿದೆ.

೬

ಬೇರೆ ದಾರಿ ಇಲ್ಲದೆ ಕೆಲವು ಮುಕ್ತಾಯಗಳನ್ನು ಕಾಗದದ ಮೇಲೆ ಹರಡಿಕೊಂಡೆ.

(ಅ) ಶಾರ್ಲೆಟ್ ತಲೆ ಸುತ್ತಿ ಬೀಳುತ್ತಾಳೆ. ಎಲ್ಲರೂ ಓಡಿ ಬರುತ್ತಾರೆ. ಗರ್ಭಿಣಿ ಎಂದು ಗೊತ್ತಾಗುತ್ತದೆ. ಬೀಗರು ಅಪ್ಪಿಕೊಳ್ಳುತ್ತಾರೆ.

"ಥೂ," ಅಂದಳು ವಾರಿಜಾ. "ಟಿವಿಯಲ್ಲಿ ದಿನಾ ಬರುತ್ತದೆ ಇದು."

(ಆ) ಪಾಸ್ಕಲ್ ಬಫೆಯ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚುತ್ತಾನೆ. ಎರಡು ಕುಟುಂಬಗಳು ಹಸಿದುಕೊಂಡೇ ಎರಡು ದಿಕ್ಕಿಗೆ ಹೋಗುತ್ತವೆ. ನೂಡಲ್ಸ್ ತಣ್ಣಗಾಗುತ್ತದೆ. (ಇದನ್ನು ಪತ್ರಿಕೆಯವರು ಖಂಡಿತ ಹಾಕಿಕೊಳ್ಳುತ್ತಾರೆ. ಗಂಭೀರವಾಗಿದೆ.)

ವಾರಿಜಾಳ ಮುಖ ನೋಡಲಾಗದೆ ನಾನೇ ಅದರ ಮೇಲೆ ಅಡ್ಡಗೆರೆ ಎಳೆದೆ.

(ಇ) ಕಥೆಗಾರನೇ ಎದ್ದು ಹೋಗಿ ಸತ್ಯ ಹೇಳುತ್ತಾನೆ: ಇಲ್ಲಿ ಎಲ್ಲರೂ ಕರೆದವರೇ.

"ಹೇಳಿ ನೋಡಿ," ಅಂದಳು. "ಮಕ್ಕಳು ಮೋಸ ಮಾಡಿದರು ಅಂತ ಇವರು ಇನ್ನೊಂದು ವರ್ಷ ಮಾತು ಬಿಡುತ್ತಾರೆ. ನಿಮಗೆ ನನ್ನ ಗಂಡನ ಗುಣ ಗೊತ್ತಿಲ್ಲ."

(ಒಂದು ನಿಮಿಷ. ಕರೆದವರು ಎರಡು ಕಡೆಯವರೂ ಎಂಬುದು ಅವಳಿಗೆ ಇನ್ನೂ ಗೊತ್ತಾಗಿರಬಾರದು. ಅದು ಗೊತ್ತಾಗುವುದು ಮುಂದಿನ ಭಾಗದಲ್ಲಿ. ಆದ್ದರಿಂದ (ಇ) ಅನ್ನು ನಾನು ಅವಳಿಗೆ ಓದಿ ಹೇಳಲೇ ಇಲ್ಲ ಎಂದು ತಿಳಿದುಕೊಳ್ಳಿ. ಆ ಉತ್ತರವನ್ನು ಅವಳ ಬಾಯಲ್ಲಿ ಇಟ್ಟದ್ದು ನಾನು. ಕಥೆಗಾರರು ಹೀಗೆಲ್ಲ ಸಿಕ್ಕಿಬೀಳುತ್ತಾರೆ.)

೭

ಆಮೇಲೆ ಆದದ್ದು ನಾನು ಬರೆದದ್ದಲ್ಲ.

ಶಾರ್ಲೆಟ್ ಬೆಳಗ್ಗಿನ ಡ್ಯೂಟಿ ಮುಗಿಸಿ ನೇರ ಆಸ್ಪತ್ರೆಯಿಂದ ಬಂದಿದ್ದಳು. ನೀರು ಕುಡಿದಳು. ಮತ್ತೊಂದು ಲೋಟ ಬಗ್ಗಿಸಿಕೊಂಡು ಅದನ್ನೂ ಕುಡಿದಳು. ಮೂರನೆಯ ಸಲ ಜಗ್ಗು ಎತ್ತುವಾಗ ಅವಳ ಕೈ ಸಣ್ಣಗೆ ನಡುಗಿತು. ಬಫೆಯ ಕಡೆಯಿಂದ ಬೆಳ್ಳುಳ್ಳಿ ಹುರಿದ ವಾಸನೆ ಬಂದಾಗ ಅವಳು ಕಣ್ಣು ಮುಚ್ಚಿ ತೆರೆದಳು.

ವಾರಿಜಾ ಅದನ್ನು ನೋಡಿದಳು. ಅಲ್ಲಿಯತನಕ ಅವಳು ಆ ಹುಡುಗಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮಗನನ್ನು ಕಿತ್ತುಕೊಂಡವಳು ಎಂದು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಬೈದಿದ್ದಳು, ಇವತ್ತು ಅವಳ ಅಪ್ಪನ ತಟ್ಟೆಯನ್ನು ನೋಡುತ್ತಾ ಕುಳಿತಿದ್ದಳು. ಈಗ ನೋಡಿದರೆ, ಯೂನಿಫಾರ್ಮಿನ ಮೇಲೆ ಒಂದು ಶಾಲು ಹೊದ್ದ, ಹಸಿವಿನಿಂದ ತುಟಿ ಬಿಳಿಚಿದ ಒಂದು ಮಗು.

ಎದ್ದೇಬಿಟ್ಟಳು.

"ಎಲ್ಲಿಗೆ?" ಅಂದ ಚೆನ್ನಪ್ಪ. ಅವಳು ಬಫೆಯ ಕಡೆ ನಡೆದಳು. ತಟ್ಟೆಗಳ ರಾಶಿಯಿಂದ ಒಂದನ್ನು ಎತ್ತಿಕೊಂಡು ಫ್ರೈಡ್ ರೈಸು ಹಾಕಿದಳು, ಚಿಲ್ಲಿ ಚಿಕನ್ ಹಾಕಿದಳು, ನೂಡಲ್ಸಿನ ಪಾತ್ರೆಯ ಹತ್ತಿರ ಬಂದಾಗ ಅದರ ಸೌಟು ಖಾಲಿ ಇರಲಿಲ್ಲ. ಆ ಕಡೆಯಿಂದ ಮೇಬಲ್ ಹಿಡಿದುಕೊಂಡಿದ್ದಳು. ಅವಳ ಕೈಯಲ್ಲಿಯೂ ಒಂದು ತುಂಬಿದ ತಟ್ಟೆ.

ಇಬ್ಬರೂ ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತರು.

"ನನಗಲ್ಲ," ಅಂದಳು ಮೇಬಲ್ ಗಡಿಬಿಡಿಯಿಂದ. "ನಿಮ್ಮ ಪ್ರವೀಣನಿಗೆ. ಅವನ ಮುಖ ನೋಡಿ, ಎಷ್ಟು ಸಣ್ಣ ಆಗಿದೆ. ನನಗೆ ನೋಡಿ ಕೂರಲಿಕ್ಕೆ ಆಗಲಿಲ್ಲ."

"ಇದು ನಿಮ್ಮ ಶಾರ್ಲೆಟ್‌ಗೆ," ಅಂದಳು ವಾರಿಜಾ. "ಅವಳ ಕೈ ನಡುಗುತ್ತಾ ಉಂಟು."

"ಅಯ್ಯೋ, ನೀವು ಯಾಕೆ ಎದ್ದದ್ದು? ಬಂದವರು ನೀವು. ನಾವು ಬಡಿಸಬೇಕಾದ್ದು."

"ಬಂದವರು ನಾವಾ? ಕರೆದದ್ದು ನಾವಲ್ವಾ?"

"ನೀವಾ? ಟೇಬಲ್ ಬುಕ್ ಮಾಡಿದ್ದು ಶಾರ್ಲೆಟ್!"

"ನಮ್ಮ ಊಟ ಅಂತ ಹೇಳಿದ್ದು ಪ್ರವೀಣ್!"

ಇಬ್ಬರೂ ಒಟ್ಟಿಗೆ ತಿರುಗಿ ಮೇಜಿನತ್ತ ನೋಡಿದರು. ಅಲ್ಲಿ ಪ್ರವೀಣ್ ಮತ್ತು ಶಾರ್ಲೆಟ್ ತಲೆಯ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮೇಬಲ್‌ಗೆ ಮೊದಲು ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಸೌಟನ್ನು ನೂಡಲ್ಸಿನ ಮೇಲೆ ಬಿಟ್ಟು ಸೆರಗು ಬಾಯಿಗೆ ಅಡ್ಡ ಹಿಡಿದಳು. ವಾರಿಜಾಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು.

"ನಮ್ಮವರು ಎಂತ ಹೇಳಿದ್ದು ಗೊತ್ತುಂಟಾ? ನಿಮ್ಮ ಅಪ್ಪ ಅಮ್ಮ ನಮ್ಮ ಊಟ ಉಂಡರೆ ಮಾತ್ರ ಹುಡುಗ ಮನೆಗೆ ಬರಬಹುದು ಅಂತ. ನಿಮ್ಮ ಅಂದರೆ, ನೀವು. ಥೂ, ನನಗೆ ಮಾತೇ ಬರುವುದಿಲ್ಲ."

"ಬೇಡ, ಹೇಳಬೇಡಿ," ಅಂದಳು ಮೇಬಲ್. "ನಮ್ಮವರದ್ದೂ ಅದೇ ಶಬ್ದ. ಒಂದಕ್ಷರ ಹೆಚ್ಚುಕಡಿಮೆ ಇಲ್ಲ."

ಅವರ ಹಿಂದೆ ಮೆಡಿಕಲ್ ಹುಡುಗರ ಸಾಲು ಬೆಳೆಯುತ್ತಿತ್ತು.

"ಗಂಡಸರಿಗೆ ಹೇಳುವುದಾ?" ಅಂದಳು ವಾರಿಜಾ.

"ಎಂತಕ್ಕೆ? ನಿಮ್ಮವರ ತಟ್ಟೆ ನನಗೆ ಬಿಡಿ. ನಮ್ಮವರದ್ದು ನೀವು ನೋಡಿಕೊಳ್ಳಿ."

೮

ಮಕ್ಕಳ ತಟ್ಟೆ ಮೊದಲು ಹೋಯಿತು. "ತಿನ್ನು ಮಗಳೇ," ಎಂದು ವಾರಿಜಾ ಶಾರ್ಲೆಟ್‌ಳ ಮುಂದೆ ಇಟ್ಟಾಗ ಆ ಹುಡುಗಿ ಅವಳ ಮುಖ ನೋಡಿದಳು. ಥ್ಯಾಂಕ್ಸ್ ಹೇಳಲು ಬಾಯಿ ತೆರೆದವಳು ತೆರೆದ ಬಾಯಿಗೆ ಅನ್ನವನ್ನೇ ಹಾಕಿಕೊಂಡಳು. ಅದೇ ಒಳ್ಳೆಯದಾಯಿತು.

ಆಮೇಲೆ ವಾರಿಜಾ ನೂಡಲ್ಸಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಪಾಸ್ಕಲ್ ಹಿಂದಿನಿಂದ ಓಡಿ ಬಂದ. "ಅಕ್ಕಾ, ಸೆಲ್ಫ್ ಸರ್ವಿಸ್ ಅಕ್ಕಾ, ಪಾತ್ರೆ ತರುವ ಹಾಗಿಲ್ಲ!" ಅವಳು ಅವನನ್ನು ಲೆಕ್ಕಕ್ಕೇ ಇಡಲಿಲ್ಲ. ಕಜೆಟನ್‌ನ ತಟ್ಟೆಗೆ ಬಡಿಸಿದಳು. ಅವನು "ಸಾಕು, ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿದ. ಕೈಯ ಸಂದಿಯಲ್ಲಿ ಇನ್ನೊಂದು ಸೌಟು ಬಿತ್ತು. ನೂಡಲ್ಸು ಅವನ ವಾಚಿಗೆ ಸುತ್ತಿಕೊಂಡಿತು. ಮುದುಕ ನಕ್ಕುಬಿಟ್ಟ. ಬಡಿಸುವವರ ಒತ್ತಾಯ ಅವನಿಗೆ ಹೊಸದಲ್ಲ. ಬೇಡ ಅಂದರೂ ಬಡಿಸಿದರೆ ಉಣ್ಣಲೇಬೇಕು. ಉಂಡ.

"ನೋಡಿ," ಎಂದು ವಾರಿಜಾ ಗಂಡನ ಕಿವಿಯಲ್ಲಿ ಹೇಳಿದಳು. "ಅವರು ಉಣ್ಣುತ್ತಿದ್ದಾರೆ. ಇನ್ನು ನೀವೂ ಉಣ್ಣಬಹುದು."

ಅಷ್ಟರಲ್ಲಿ ಮೇಬಲ್ ಆ ಕಡೆಯಿಂದ ಚೆನ್ನಪ್ಪನ ತಟ್ಟೆಯನ್ನು ಗುಡ್ಡೆ ಹಾಕಿಯಾಗಿತ್ತು. ಅವನು ತಿಂದ. ಎದುರಿನ ಮನುಷ್ಯ ತಮ್ಮ ಅನ್ನ ಅಗಿಯುವುದನ್ನು ನೋಡುತ್ತಾ ತಿಂದ, ಕಜೆಟನ್ ಕೂಡ ಅದನ್ನೇ ನೋಡುತ್ತಾ ತಿಂದ. ಚೆನ್ನಪ್ಪನ ಕಣ್ಣಲ್ಲಿ ನೀರು ಬಂತು. "ಖಾರ ಸ್ವಲ್ಪ ಜಾಸ್ತಿ," ಅಂದ. ಖಾರದಿಂದಲ್ಲ ಎಂದು ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಾನೂ ನನ್ನ ಗೋಬಿಗೆ ವಾಪಸಾದೆ. ತಣ್ಣಗಾಗಿತ್ತು. ಆದರೂ ಒಳ್ಳೆಯದೇ ಇತ್ತು.

(ಬಿಲ್ಲು ಯಾರು ಕೊಟ್ಟರು ಎಂದು ಕೇಳಬೇಡಿ. ಇಬ್ಬರು ಗಂಡಸರು ಏಕಕಾಲಕ್ಕೆ ಪಾಸ್ಕಲನ ಮೇಲೆ ಬಿದ್ದರು. ಅವನ ಶರ್ಟಿನ ಒಂದು ಗುಂಡಿ ಹೋಯಿತು. ಮಿಕ್ಕದ್ದು ಬರೆಯುವುದಿಲ್ಲ.)

೯

ಇಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದೆ ಕೂಡ. ಆದರೆ ಹೊರಗೆ ಮೆಟ್ಟಿಲಿನ ಮೇಲೆ ಚೆನ್ನಪ್ಪ ಮಗನ ಹೆಗಲ ಮೇಲೆ ಕೈ ಇಟ್ಟ. ಮುಖ ಮಾತ್ರ ರಸ್ತೆಯ ಕಡೆಗಿತ್ತು.

"ಆದಿತ್ಯವಾರ ಮನೆಗೆ ಬಾ," ಅಂದ. "ಅವಳನ್ನೂ ಕರೆದುಕೊಂಡು. ಮಧ್ಯಾಹ್ನ ಊಟಕ್ಕೆ."

ಅದೇ ಹೊತ್ತಿಗೆ ಇನ್ನೊಂದು ಮೆಟ್ಟಿಲಿನಲ್ಲಿ ಕಜೆಟನ್ ಮಗಳಿಗೆ ಹೇಳುತ್ತಿದ್ದ: ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಇಬ್ಬರೂ ಕಾರ್ಕಳಕ್ಕೆ ಬನ್ನಿ, ಊಟ ನಮ್ಮಲ್ಲಿ.

ಪ್ರವೀಣ್ ಶಾರ್ಲೆಟ್‌ಳನ್ನು ನೋಡಿದ. ಶಾರ್ಲೆಟ್ ಪ್ರವೀಣನನ್ನು ನೋಡಿದಳು. ಎರಡು ಮನೆ, ಒಂದೇ ಮಧ್ಯಾಹ್ನ, ಎರಡೂ ಕಡೆ ಮೊದಲ ಊಟ. ಎರಡನೆಯದಾಗಿ ಹೋದ ಮನೆಯಲ್ಲಿ ಯಾರ ಮುಖ ಊದುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

೧೦

ಇವತ್ತು ಗುರುವಾರ. ನಾನು ಅದೇ ಮೂಲೆಯಲ್ಲಿದ್ದೇನೆ. ಪತ್ರಿಕೆಯವರು ಮುಕ್ತಾಯ ಕೇಳುತ್ತಿದ್ದಾರೆ. ವಾರಿಜಾಳನ್ನು ಕರೆದ ಕೂಡಲೇ ಬಂದಳು, ಎದುರಿನ ಕುರ್ಚಿಯಲ್ಲಿ ಕುಳಿತಳು. ಏನಾದರೂ ತಿನ್ನಿ ಎಂದೆ. "ನೀವು ಮೊದಲು," ಅಂದಳು.

"ಆದಿತ್ಯವಾರ ಮೊದಲು ಕಾಪುವಿಗೆ ಬಂದರು ಎಂದು ಬರೆಯಲಾ?" ಎಂದು ಕೇಳಿದೆ. "ನನಗೆ ಒಂದು ವಾಕ್ಯದ ಕೆಲಸ. ಪ್ರವೀಣ್ ಬೈಕಿನಿಂದ ಇಳಿದ, ಶಾರ್ಲೆಟ್ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮುಗಿಯಿತು. ನಿಮಗೆ ಬೇಕಾದ್ದು ಅದೇ ಅಲ್ವಾ?"

ಅವಳು ಸೆರಗನ್ನು ಬೆರಳಿಗೆ ಸುತ್ತಿದಳು. ಬೇಕು ಎಂದು ಅವಳ ಮುಖವಿಡೀ ಹೇಳುತ್ತಿತ್ತು.

"ಬೇಡ," ಅಂದಳು.

"ಯಾಕೆ?"

"ನೀವು ಬರೆದಿರಿ ಅಂತ ಬಂದರೆ ಅದು ಬಂದ ಹಾಗೆ ಅಲ್ಲ. ಅವನಿಗೇ ಅನಿಸಿ ಬರಬೇಕು. ಅವಳಿಗೂ."

"ಮೊದಲು ಕಾರ್ಕಳಕ್ಕೆ ಹೋದರೆ?"

"ಹೋಗಲಿ. ಮೇಬಲಕ್ಕ ಹೊಟ್ಟೆ ತುಂಬ ಬಡಿಸಿಯೇ ಕಳಿಸುತ್ತಾರೆ."

"ಮತ್ತೆ ನಿಮ್ಮಲ್ಲಿಗೆ ಬರುವಷ್ಟರಲ್ಲಿ ಸಂಜೆಯಾಗಿ, ನಿಮ್ಮವರು ಬಾಗಿಲು ಹಾಕಿಕೊಂಡು ಮಲಗಿದ್ದರೆ?"

"ತೆರೆಯಲಿಕ್ಕೆ ನಾನಿಲ್ವಾ?" ಅಂದಳು. ಇಷ್ಟು ದಿನದಲ್ಲಿ ಗಂಡನ ಮಾತಿಗೆ ಎದುರಾಗಿ ಅವಳು ಹೇಳಿದ ಮೊದಲ ಮಾತು ಅದು. ಹೇಳಿ ತಾನೇ ಸ್ವಲ್ಪ ಬೆಚ್ಚಿದಳು.

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವಳು ಏಳುತ್ತಾ ಒಮ್ಮೆ ನಿಂತಳು.

"ಒಂದು ಬೇಕಾದರೆ ಬರೆಯಿರಿ. ಶನಿವಾರ ನಾನು ಮಾರ್ಕೆಟಿಗೆ ಹೋಗುತ್ತೇನೆ. ಒಂದು ದೊಡ್ಡ ಅಂಜಲ್ ಮೀನು ತರುತ್ತೇನೆ, ನಾಲ್ಕು ಜನರಿಗೆ ಆಗುವಷ್ಟು. ಅದು ನನ್ನ ಕೈಯಲ್ಲಿ ಉಂಟು."

ಬರೆದಿದ್ದೇನೆ. ಅದಕ್ಕಿಂತ ಆಚೆ ಬರೆಯಲು ನನಗೆ ಅನುಮತಿಯಿಲ್ಲ.